ಮೂರನೇ ಕೋಣೆಯ ಪಿಸುಮಾತು

ಮಾರ್ಚ್ 3, ಸೋಮವಾರ. ಬೆಳಗ್ಗೆ 7.50

ಪಾಳಿ ವಹಿಸಿಕೊಂಡೆ. ಐಸಿಯುನಲ್ಲಿ ಐದು ಪ್ರಾಣಿ. ಮೂತ್ರ ಕಟ್ಟಿದ್ದ ಬೆಕ್ಕಿನ ಟ್ಯೂಬು ಇವತ್ತು ತೆಗೆಯಬೇಕು. ಬೆನ್ನಿನ ಆಪರೇಷನ್ ಆದ ಗಿಡ್ಡ ಕಾಲಿನ ನಾಯಿ ರಾತ್ರಿಯೆಲ್ಲ ಕೂಗಿದೆಯಂತೆ. ನೋವಿಗಲ್ಲ, ಹಸಿವಿಗೆ. ಕಣ್ಣಿನ ವಿಭಾಗದ ಮೊಲ ತನ್ನ ಕಾಲರನ್ನೇ ಕಡಿದು ಹಾಕಿದೆ. ಎಲ್ಲ ಕ್ಷೇಮ ಎಂದೇ ಅರ್ಥ.

10.20

ಮೇಡಂ ಕರೆದರು. ನಮ್ಮ ಐಸಿಯು ಡಾಕ್ಟರು. ಬಂದರಿನ ಕಡೆಯ ಒಂದು ಸಣ್ಣ ಕ್ಲಿನಿಕ್‌ನಿಂದ ಫೋನ್ ಬಂದಿದೆ. ಬೇರೆ ಕಡೆ ಆಗದ್ದೆಲ್ಲ ಇಲ್ಲಿಗೆ ಕಳಿಸುತ್ತಾರೆ ತಾನೇ. ಗಂಡು ನಾಯಿ, ಆರು ವರ್ಷ. ಧನುರ್ವಾಯು.

“ಮೂರನೇ ಕೋಣೆ ಕತ್ತಲೆ ಮಾಡಿಸಿ ಸಿಸ್ಟರ್. ಹಗಲು ಪಾಳಿ ನೀವೇ ನೋಡ್ಕೊಳ್ಳಿ.”

“ಬೇರೆ ಯಾರನ್ನಾದ್ರೂ ಹಾಕಿ ಮೇಡಂ.”

“ಯಾಕೆ?”

ಏನು ಹೇಳಲಿ. “ಬೆಕ್ಕಿನ ಟ್ಯೂಬ್ ತೆಗೀಬೇಕಲ್ಲ” ಎಂದೆ. ನನಗೇ ನಾಚಿಕೆಯಾಗುವಂಥ ನೆಪ.

“ಅದಕ್ಕೆ ಎರಡು ನಿಮಿಷ. ಇದಕ್ಕೆ ಮೂರು ವಾರ. ನೀವೇ ನೋಡಿ.”

ಎಂಟು ತಿಂಗಳ ಹಿಂದಿನದು ಇವತ್ತೂ ಬರೆಯುವುದಿಲ್ಲ.

ಕಿಟಕಿಗೆ ಕಪ್ಪು ಬಟ್ಟೆ. ಬಾಗಿಲ ಅಂಚಿಗೆಲ್ಲ ಸ್ಪಂಜು. ಮಾನಿಟರಿನ ಬೀಪ್ ಬಂದ್. ಕಸದ ಡಬ್ಬದ ಮುಚ್ಚಳ ಕೂಡ ತೆಗೆದು ಹೊರಗಿಟ್ಟೆ. ಈ ಕಾಯಿಲೆಯಲ್ಲಿ ಸದ್ದು, ಬೆಳಕು, ಸ್ಪರ್ಶ ಯಾವುದೂ ಆಗದು. ಮೈ ಬಿಲ್ಲಿನ ಹಾಗೆ ಸೆಟೆಯುತ್ತದೆ. ಗಂಟಲು ಬಿಗಿದುಕೊಂಡರೆ... ಸಾಕು.

ಮಧ್ಯಾಹ್ನ 2.30

ಬಂದರು. ಮೊದಲು ಬಂದದ್ದು ದನಿ.

“ಬಂದ್ವೀ! ಎಲ್ಲಿಗೆ ಹೋಗ್ಬೇಕೂ?”

ರಿಸೆಪ್ಷನ್‌ನಲ್ಲಿದ್ದ ಬೆಕ್ಕುಗಳೆಲ್ಲ ಬುಟ್ಟಿಯೊಳಗೆ ಮುದುಡಿದವು. ನಾಯಿಯ ಯಜಮಾನರು. ಅರವತ್ತರ ಹತ್ತಿರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೋಪಿನ ವಾಸನೆ. ಬಂದರಿನಲ್ಲಿ ಮೀನು ಹರಾಜು ಕೂಗುವುದು ಅವರ ಕೆಲಸ. ಮೂವತ್ತೆರಡು ವರ್ಷದಿಂದ. ಮೈಕ್ ಇಲ್ಲದೆ.

ನಾಯಿಯ ಹೆಸರು ಕೊಕ್ಕೆ. ಬಾಲ ಮೇಲಕ್ಕೆ ಬಾಗಿ ಗಾಳದ ಕೊಕ್ಕೆಯ ಹಾಗಿರುತ್ತಿತ್ತಂತೆ. ಈಗ ಕಬ್ಬಿಣದ ಸರಳು. ನಾಲ್ಕು ಕಾಲೂ ಕುರ್ಚಿಯ ಕಾಲಿನಂತೆ ಚಾಚಿವೆ. ಎರಡು ಕಿವಿಯನ್ನೂ ನೆತ್ತಿಯ ಮೇಲೆ ಯಾರೋ ಗಂಟು ಹಾಕಿದ ಹಾಗಿದೆ. ತುಟಿ ಹಿಂದಕ್ಕೆ ಎಳೆದುಕೊಂಡು ಹಲ್ಲೆಲ್ಲ ಕಾಣುತ್ತಿವೆ.

“ನಗ್ತಿದಾನಲ್ಲ ಸಿಸ್ಟರ್, ಅಂದ್ರೆ ಪರವಾಗಿಲ್ಲ ತಾನೇ?”

“ಅದು ನಗು ಅಲ್ಲ ಯಜಮಾನ್ರೇ. ಮುಖದ ಸ್ನಾಯು ಸೆಟೆದಿರೋದು.”

ಕೈಯಿಂದ ತಮ್ಮದೇ ಬಾಯಿ ಮುಚ್ಚಿಕೊಂಡರು.

ಹನ್ನೆರಡು ದಿನದ ಹಿಂದೆ ಮೀನಿನ ಪೆಟ್ಟಿಗೆಯ ಮೊಳೆ ಅಂಗಾಲಿಗೆ ಚುಚ್ಚಿತ್ತಂತೆ. ಮೇಲೆ ಮಾಗಿತ್ತು, ಒಳಗೆ ಮಾಗಿರಲಿಲ್ಲ. ಮೇಡಂ ಗಾಯ ಬಿಡಿಸಿ ತೊಳೆದರು. ನಂಜಿಗೆ ಇಂಜೆಕ್ಷನ್ — ಮೊದಲು ಒಂದು ಹನಿ ಕೊಟ್ಟು, ಒಗ್ಗುತ್ತದೆಯೋ ನೋಡಿ, ಆಮೇಲೆ ನಿಧಾನಕ್ಕೆ ಪೂರ್ತಿ. ಕುತ್ತಿಗೆಯಿಂದ ಅನ್ನನಾಳಕ್ಕೆ ಊಟದ ಟ್ಯೂಬು. ಕಿವಿಗೆ ಹತ್ತಿ. ಮಂಪರು.

“ಈಗಾಗ್ಲೇ ನರಕ್ಕೆ ಅಂಟಿರೋ ನಂಜನ್ನ ಬಿಡಿಸೋಕೆ ಆಗಲ್ಲ,” ಮೇಡಂ ಅವರಿಗೆ ಹೇಳಿದರು. “ಹೊಸದಾಗಿ ನರದ ತುದಿ ಚಿಗುರಬೇಕು. ಅಲ್ಲೀವರೆಗೆ ಉಳಿಸ್ಕೊಳ್ಳೋದಷ್ಟೇ ನಮ್ಮ ಕೆಲಸ.”

“ಉಳೀತಾನಾ?”

“ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂದ್ಕೊಳ್ಳಿ.”

ಸಂಜೆ, ಮನೆ

ದಿನವೆಲ್ಲ ಪಿಸುಗುಟ್ಟಿ ಗಂಟಲು ಒಣಗಿತ್ತು. ಮನೆಗೆ ಬಂದರೆ ಅತ್ತೆ. ಕಿವಿ ಪೂರ್ತಿ ಮಂದ, ಮೆಷೀನು ಡ್ರಾಯರಿನಲ್ಲಿ.

“ಏನ್ ಬಂದಿತ್ತೇ ಇವತ್ತು?”

“ನಾಯಿ ಅತ್ತೆ! ಧ-ನು-ರ್ವಾ-ಯು!”

“ಯಾರಿಗೆ ಆಯುರ್ವೇದ?”

ಪಕ್ಕದ ಮನೆಯವರಿಗೆಲ್ಲ ನಾಯಿಯ ಕಾಯಿಲೆ ತಿಳಿಯಿತು. ಅತ್ತೆಗೆ ಕೊನೆಯಲ್ಲಿ.

ಮಾರ್ಚ್ 4, ಮಂಗಳವಾರ

ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಕಣ್ಣಿಗೆ ಮುಲಾಮು. ಬಾಯಿ ಒರೆಸುವುದು. ಟ್ಯೂಬಿನಲ್ಲಿ ಊಟ, ನಲವತ್ತು ಮಿಲಿ, ಅವಸರವಿಲ್ಲದೆ. ಎಲ್ಲ ಒಂದೇ ಸಲಕ್ಕೆ ಮಾಡಿ ಮುಗಿಸಿ, ಉಳಿದ ಹೊತ್ತು ಮುಟ್ಟದೆ ಬಿಡುವುದು. ನಾಡಿ ನಿಮಿಷಕ್ಕೆ 156. ಮಂಪರಿನಲ್ಲೂ ಇಷ್ಟು ಓಟ.

ಯಜಮಾನರು ಮಧ್ಯಾಹ್ನ ಬಂದರು. ಒಳಗೆ ಬಿಡುವ ಮೊದಲು ಕಾರಿಡಾರಿನಲ್ಲಿ ಪಿಸುಮಾತು ಕಲಿಸಿದೆ. ಹತ್ತು ನಿಮಿಷ. ಅವರಿಗೆ ಬರುವುದೇ ಇಲ್ಲ. ದನಿ ತಗ್ಗಿಸಿದರೆ ಇಂಜಿನ್ ಕೆಟ್ಟ ದೋಣಿಯ ಹಾಗೆ ಗೊರಗೊರ.

“ಮಾತೇ ಬೇಡ. ಸುಮ್ನೆ ಕೂತ್ಕೊಳ್ಳಿ.”

“ಮಾತಾಡ್ದೆ ಇದ್ರೆ ನಾನು ಬಂದಿದೀನಿ ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ ಸಿಸ್ಟರ್? ಕಿವಿಗೆ ಹತ್ತಿ ಇಟ್ಟಿದೀರಿ. ಕತ್ತಲೆ ಮಾಡಿದೀರಿ.”

ಉತ್ತರ ಹೊಳೆಯಲಿಲ್ಲ.

ಮಾರ್ಚ್ 6, ಗುರುವಾರ. 12.40

ಹೊಳೆಯಿತು! ಮೂಗಿಗೆ ನಾವೇನೂ ಮುಚ್ಚಿಲ್ಲವಲ್ಲ. ದಿನಾ ಸೋಪು ಹಾಕಿ ಉಜ್ಜಿ ಸ್ನಾನ ಮಾಡಿ ಬರುತ್ತಾರೆ ಮಹಾರಾಯರು, ಆಸ್ಪತ್ರೆ ಎಂದು. ನಿನ್ನೆ ಹೇಳಿ ಕಳಿಸಿದ್ದೆ — ಹರಾಜು ಮುಗಿದ ಕೂಡಲೇ ಹಾಗೇ ಬನ್ನಿ, ಕೈ ಮಾತ್ರ ತೊಳೆಯಿರಿ, ಅಂಗಿ ಬದಲಿಸಬೇಡಿ.

ಬಂದರು. ಲಿಫ್ಟಿನಲ್ಲಿ ಜೊತೆಗಿದ್ದವರು ಮುಂದಿನ ಮಹಡಿಯಲ್ಲೇ ಇಳಿದರಂತೆ. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತರು. ನಾನು ಮಾನಿಟರ್ ನೋಡುತ್ತಿದ್ದೆ. 150. 148. ಕೊಕ್ಕೆಯ ಮೂಗಿನ ಹೊಳ್ಳೆ ಅರಳಿತು, ಒಂದು ಸಲ, ಎರಡು ಸಲ. 139. 126. ಹತ್ತು ನಿಮಿಷಕ್ಕೆ 108.

ಬೆರಳು ಮಡಿಸಿ ತೋರಿಸಿದೆ ಅವರಿಗೆ, ಎಷ್ಟು ಇಳಿಯಿತೆಂದು. ಗೊತ್ತಾಯಿತು. ಅಷ್ಟು ದೊಡ್ಡ ಆಳು, ಅಂಗಿಯ ತೋಳಿನಲ್ಲಿ ಮುಖ ಹುದುಗಿಸಿ, ಸದ್ದಿಲ್ಲದೆ ಅತ್ತರು.

ಮಾರ್ಚ್ 8, ಶನಿವಾರ. ಸಂಜೆ 5

ಪಾಳಿ ಮುಗಿದ ಮೇಲೆ ಬರೆಯುತ್ತಿದ್ದೇನೆ.

ಹನ್ನೊಂದೂಕಾಲು. ಯಜಮಾನರು ಒಳಗಿದ್ದರು. ನಾನು ಊಟದ ಟ್ಯೂಬು ತೊಳೆಯುತ್ತಿದ್ದೆ. ಅವರು ಮೂಗು ಹಿಡಿದುಕೊಂಡದ್ದು ಕಂಡಿತು. ಎದ್ದು ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಸೀನಿದರು. ಹರಾಜಿನ ಗಂಟಲಿನ ಸೀನು.

ಕೊಕ್ಕೆ ಸೆಟೆಯಿತು. ತಲೆ ಬೆನ್ನಿಗೆ ತಾಗುವಷ್ಟು ಹಿಂದಕ್ಕೆ. ಉಸಿರು ನಿಂತಿತು. ಟಾರ್ಚ್ ಹಾಕಿದೆ — ನಾಲಿಗೆ ನೀಲಿ. ಗಂಟಲು ಮುಚ್ಚಿಕೊಂಡಿತ್ತು. ಮೇಡಂನ ಕರೆಯುವ ಗುಂಡಿ ಒತ್ತಿದೆ. ಮಂಪರಿನ ಇಂಜೆಕ್ಷನ್ ಲೈನಿಗೆ ಹಾಕಿದೆ. ಕುತ್ತಿಗೆಯ ಕೂದಲು ಬೋಳಿಸಿ ಮುಗಿಸುವಷ್ಟರಲ್ಲಿ ಮೇಡಂ ಓಡಿ ಬಂದರು. ಅವರು ಕೊಯ್ದರು, ನಾನು ಟ್ಯೂಬು ಕೊಟ್ಟೆ, ಉಸಿರಿನ ಕೊಳವೆಗೇ ಇಳಿಸಿದರು. ಬ್ಯಾಗು ಒತ್ತಿದೆ. ಒಂದು. ಎರಡು. ಮೂರು.

ನಾಲಿಗೆ ಕೆಂಪಾಯಿತು.

ಎಲ್ಲ ಸೇರಿ ಮೂರೂವರೆ ನಿಮಿಷವಂತೆ. “ಭೇಷ್” ಎಂದರು ಮೇಡಂ. ತಿರುಗಿ ನೋಡಿದರೆ ಯಜಮಾನರಿಲ್ಲ. ಕಾರಿಡಾರಿನಲ್ಲೂ ಇಲ್ಲ. ಚಪ್ಪಲಿ ಇಲ್ಲೇ ಇದೆ. ಬರಿಗಾಲಲ್ಲಿ ಹೋಗಿಬಿಟ್ಟಿದ್ದಾರೆ.

ಮಾರ್ಚ್ 13, ಗುರುವಾರ

ನಾಲ್ಕು ದಿನ ಬರೆಯಲಿಲ್ಲ. ಕೊಕ್ಕೆ ಕುತ್ತಿಗೆಯ ಟ್ಯೂಬಿನಲ್ಲೇ ಉಸಿರಾಡುತ್ತಿದೆ. ಗಂಟೆಗೊಮ್ಮೆ ಕಫ ಎಳೆಯಬೇಕು. ನಾಡಿ ಮತ್ತೆ 150ರ ಮೇಲೆ. ಯಜಮಾನರು ಬಂದಿಲ್ಲ. ಫೋನ್ ಎತ್ತುತ್ತಿಲ್ಲ.

ಇವತ್ತು ಅವರ ಹೆಂಡತಿ ಬಂದರು. ಕೈಯಲ್ಲಿ ಚೀಲ, ಅದರಲ್ಲಿ ಅವರ ಒಗೆಯದ ಅಂಗಿ. ಜಾಣೆ. ಅದನ್ನು ಕೊಕ್ಕೆಯ ಮೂಗಿನ ಬಳಿ ಇಟ್ಟೆ.

“ನಾನೇ ಕೊಲ್ತಿದ್ದೆ ಅಂತಾರೆ ಸಿಸ್ಟರ್. ಹರಾಜಿಗೂ ಹೋಗಿಲ್ಲ. ಮನೇಲಿ ಬರೀ ಪಿಸುಮಾತು. ಮೂವತ್ತು ವರ್ಷ ‘ಸ್ವಲ್ಪ ಮೆತ್ತಗೆ ಮಾತಾಡ್ರೀ’ ಅಂತ ಬಡ್ಕೊಂಡಿದೀನಿ. ಈಗ ಮೆತ್ತಗೆ ಮಾತಾಡಿದ್ರೆ ನಂಗೆ ಜೀವ ಹೋದ ಹಾಗಾಗುತ್ತೆ.”

ಅವರ ಫೋನಿನಿಂದಲೇ ಯಜಮಾನರಿಗೆ ಮಾಡಿಸಿದೆ. ಎತ್ತಿದರು. ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಏನು ಮಾತಾಡಬೇಕೆಂದು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಅದೇ.

ಎಂಟು ತಿಂಗಳ ಹಿಂದೆ, ಇದೇ ಕೋಣೆ, ಇದೇ ಕಾಯಿಲೆ. ಬಿಳಿ ಹೆಣ್ಣು ನಾಯಿ. ಹನ್ನೊಂದನೇ ದಿನ ನನ್ನ ಕೈಯಿಂದ ಸ್ಟೀಲ್ ಟ್ರೇ ಜಾರಿ ಬಿತ್ತು. ನಾಯಿ ಸೆಟೆಯಿತು. ಅರ್ಧ ಗಂಟೆಯಲ್ಲಿ ಹೋಯಿತು. ಕೇಸ್ ಶೀಟಿನಲ್ಲಿ ‘ಉಸಿರಾಟದ ವೈಫಲ್ಯ’ ಎಂದಷ್ಟೇ ಬರೆದೆ. ಟ್ರೇ ಬಗ್ಗೆ ಬರೆಯಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ ಗೊರಗೊರ ದನಿ.

“ಮಾರನೇ ದಿನ ಕೆಲ್ಸಕ್ಕೆ ಬಂದ್ರಾ?”

“ಬಂದೆ.”

“ಹೇಗೆ ಬಂದ್ರಿ?”

“ಇನ್ನೂ ನಾಲ್ಕು ಪ್ರಾಣಿ ಇದ್ವು ಯಜಮಾನ್ರೇ. ಅವಕ್ಕೆ ಔಷಧಿ ಹೊತ್ತಾಗಿತ್ತು.”

ಅವರು ಮೂಗು ಸೀಟಿದ್ದು ಕೇಳಿಸಿತು.

“ನಿಮ್ಮದು ಬದುಕಿದೆ,” ಎಂದೆ. “ಅಂಗಿ ಮೂಸಿ ಮೂಸಿ ನೋಡ್ತಿದೆ. ಅಂಗಿ ಇದೆ, ಒಳಗೆ ನೀವಿಲ್ಲ. ಬನ್ನಿ.”

ಫೋನ್ ಇಟ್ಟುಬಿಟ್ಟರು. ಬರುತ್ತೇನೆಂದೂ ಇಲ್ಲ, ಬರುವುದಿಲ್ಲವೆಂದೂ ಇಲ್ಲ.

ಮಾರ್ಚ್ 14, ಶುಕ್ರವಾರ

ಬಂದರು. ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿಕೊಂಡು! ಮೂಗಿನ ತುದಿ ಟೊಮೆಟೊ ಆಗಿತ್ತು. ನಗು ತಡೆಯಲಾಗದೆ ಹೊರಗೆ ಓಡಿದೆ. ಕಾರಿಡಾರಿನ ತುದಿಗೆ ಹೋಗಿ ನಕ್ಕು ಬಂದೆ.

ನಾಡಿ 112.

ನಕ್ಕ ಧೈರ್ಯದಲ್ಲೇ ಮೇಡಂ ಕೋಣೆಗೆ ಹೋದೆ. ನಿಂತುಕೊಂಡೇ ಟ್ರೇ ವಿಷಯ ಹೇಳಿದೆ. ಕನ್ನಡಕ ತೆಗೆದು ಒರೆಸಿದರು.

“ಅದಾದ ವಾರಕ್ಕೇ ಸ್ಟೀಲ್ ಟ್ರೇ ಎಲ್ಲ ತೆಗ್ಸಿ ಪ್ಲಾಸ್ಟಿಕ್ ತರ್ಸಿದ್ದು ಯಾಕೆ ಅಂದ್ಕೊಂಡ್ರಿ?”

ಗೊತ್ತಿತ್ತು ಅವರಿಗೆ. ಸದ್ದು ಪಕ್ಕದ ಕೋಣೆಗೂ ಕೇಳಿಸಿತ್ತಂತೆ.

“ಟ್ರೇಯಿಂದ ಹೋಯ್ತೋ, ಕಾಯಿಲೆಯಿಂದ ಹೋಯ್ತೋ, ನಂಗೂ ಗೊತ್ತಿಲ್ಲ ಸಿಸ್ಟರ್. ನಿಮಗೂ ಗೊತ್ತಾಗಲ್ಲ. ಆದ್ರೆ ಬರೀಬೇಕಿತ್ತು. ಬರೆದಿದ್ರೆ ನೀವೊಬ್ರೇ ಹೊತ್ಕೊಂಡು ತಿರುಗೋದು ತಪ್ತಿತ್ತು.”

“ನೀವೂ ಕೇಳ್ಲಿಲ್ಲ ಮೇಡಂ.”

“ಹೌದು. ಅದು ನನ್ನ ತಪ್ಪು.”

ಹಳೆಯ ಫೈಲು ತರಿಸಿದರು. ಇವತ್ತಿನ ತಾರೀಖು ಹಾಕಿ, ಒಂದೂವರೆ ಸಾಲು ಬರೆದು ಸಹಿ ಮಾಡಿದೆ. ಕೆಳಗೆ ಅವರೂ ಮಾಡಿದರು. ಆ ನಾಯಿಯ ಮನೆಯವರಿಗೂ ತಿಳಿಸಬೇಕು ಎಂದರು. ನಾಳೆ ನಾವಿಬ್ಬರೂ ಕೂತು ಫೋನ್ ಮಾಡುತ್ತೇವೆ.

ಮಾರ್ಚ್ 15, ಶನಿವಾರ

ಮಾಡಿದೆವು. ನಾನೇ ಮಾತಾಡಿದೆ. ಬಿಳಿ ನಾಯಿಯ ಯಜಮಾನಿ ಅತ್ತರು. ಆಮೇಲೆ ಸಿಟ್ಟು ಮಾಡಿದರು, ಜೋರಾಗಿಯೇ. ನ್ಯಾಯವಾಗಿಯೇ. ಕೊನೆಗೆ, “ಕೊನೇ ಹೊತ್ತಲ್ಲಿ ಅವಳ ಜೊತೆ ಯಾರಿದ್ರು?” ಎಂದು ಕೇಳಿದರು.

“ನಾನಿದ್ದೆ. ತಲೆ ನನ್ನ ತೊಡೆ ಮೇಲಿತ್ತು.”

ಫೋನ್ ಇಟ್ಟರು. ಕ್ಷಮಿಸಿದರೋ ಇಲ್ಲವೋ ತಿಳಿಯದು. ಅದು ಅವರಿಗೆ ಬಿಟ್ಟದ್ದು.

ಮಾರ್ಚ್ 19, ಬುಧವಾರ

ಕುತ್ತಿಗೆಯ ಉಸಿರಿನ ಟ್ಯೂಬು ತೆಗೆದರು. ಮೇಡಂ, ನಾನು, ಯಜಮಾನರು, ಅವರ ಹೆಂಡತಿ, ನಾಲ್ವರೂ ಉಸಿರು ಬಿಗಿಹಿಡಿದು ನಿಂತಿದ್ದೆವು, ನಾಯಿ ಒಂದನ್ನು ಬಿಟ್ಟು. ಅದು ಆರಾಮಾಗಿ ಉಸಿರಾಡಿತು.

ಮಾರ್ಚ್ 21, ಶುಕ್ರವಾರ

ಜ್ವರ 104. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ತುದಿ ಮಸುಕು. ಇಷ್ಟು ದೂರ ಬಂದು... ಆಂಟಿಬಯಾಟಿಕ್ ಬದಲಿಸಿದರು. ಎರಡು ಗಂಟೆಗೊಮ್ಮೆ ಬೊಗಸೆ ಕೈಯಿಂದ ಎದೆ ತಟ್ಟುವುದು, ಮೆಲ್ಲಗೆ. ಯಜಮಾನರು ಕಲಿತರು. ಆ ಅಗಲದ ಕೈ, ಪುಟ್ಟ ಮಗುವಿಗೆ ತಟ್ಟುವ ಹಾಗೆ ತಟ್ಟುತ್ತದೆ.

ಅತ್ತೆ ಬೆಳಗ್ಗೆ ಡ್ರಾಯರಿನಿಂದ ಕಿವಿ ಮೆಷೀನು ತೆಗೆದು ಹಾಕಿಕೊಂಡರು. ಎರಡು ವರ್ಷದಲ್ಲಿ ಮೊದಲ ಸಲ. “ನಿನ್ನ ಗಂಟ್ಲು ಒಡೆದು ಹೋಗಿದೆ. ನಾಯಿ ವಿಷ್ಯ ಮೆತ್ತಗೇ ಹೇಳು, ಕೇಳಿಸ್ಕೋತೀನಿ.” ಹೇಳಿದೆ, ಪೂರ್ತಿ. ಬಿಳಿ ನಾಯಿಯ ಕಥೆಯನ್ನೂ. ಅತ್ತೆ ಎದ್ದರು. ಇನ್ನೊಂದು ಲೋಟ ಕಾಫಿ ಬಗ್ಗಿಸಿ ನನ್ನ ಮುಂದೆ ಸರಿಸಿದರು.

ಮಾರ್ಚ್ 24, ಸೋಮವಾರ

ಜ್ವರ ಇಳಿದಿದೆ. ಒಂದು ಕಿವಿ, ಎಡದ್ದು, ಬದಿಗೆ ವಾಲಿದೆ! ಇನ್ನೊಂದು ಇನ್ನೂ ನೆಟ್ಟಗೆ. ಪಕ್ಕಾ ಕಿಡಿಗೇಡಿಯ ಮುಖ.

ಮಧ್ಯಾಹ್ನ ಯಜಮಾನರ ಹೆಂಡತಿ ಮೀನು ಬೇಯಿಸಿ ಮುಳ್ಳು ತೆಗೆದು ನುಣ್ಣಗೆ ಅರೆದು ತಂದರು. ಮೇಡಂ ತಲೆಯಾಡಿಸಿದರು. ಬೆರಳ ತುದಿಯಷ್ಟು ನಾಲಿಗೆಯ ಮೇಲಿಟ್ಟೆ. ದವಡೆ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತದೆ. ನಾಲಿಗೆ ಅತ್ತ ಇತ್ತ ಹೊರಳಿತು. ಗುಟುಕ್.

ನುಂಗಿತು! ಇಪ್ಪತ್ತೊಂದು ದಿನದ ಮೇಲೆ.

ಮಾರ್ಚ್ 26, ಬುಧವಾರ

ಹೊಟ್ಟೆಯ ಕೆಳಗೆ ಪಟ್ಟಿ ಹಾಕಿ ಎತ್ತಿ ನಿಲ್ಲಿಸಿದೆವು. ಹನ್ನೊಂದು ಸೆಕೆಂಡು ತಾನೇ ನಿಂತಿತು. ಯಜಮಾನರು ಎಣಿಸಿದರು. ಪಿಸುಮಾತಿನಲ್ಲಿ. ಈಗ ಚೆನ್ನಾಗಿ ಬರುತ್ತದೆ ಅವರಿಗೆ.

ಬಾಲ ಇನ್ನೂ ಅರ್ಧ ಕೊಕ್ಕೆ.

ಮಾರ್ಚ್ 29, ಶನಿವಾರ

ಮನೆಗೆ ಹೋಯಿತು. ಬಾಗಿಲವರೆಗೆ ನಡೆದೇ. ಕಾಲು ಮರದ ಕಾಲಿನ ಹಾಗೆ ಹಾಕುತ್ತದೆ, ಆದರೆ ಹಾಕುತ್ತದೆ. ಅಡುಗೆಮನೆಯಿಂದ ಎಕ್ಸ್‌ರೇವರೆಗೆ ಎಲ್ಲರೂ ಬಂದು ನಿಂತಿದ್ದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಸದ್ದಾದೀತೆಂದು. ಕೈ ಮೇಲೆತ್ತಿ ಬೆರಳು ಆಡಿಸಿದೆವು.

ಮೂರನೇ ಕೋಣೆಯ ಕಪ್ಪು ಬಟ್ಟೆ ತೆಗೆದೆ. ಬಿಸಿಲು ಬಿತ್ತು. ಗೋಡೆಗೆ ಬಣ್ಣ ಹೊಡೆಸಬೇಕು, ಇಷ್ಟು ದಿನ ಕಂಡಿರಲಿಲ್ಲ.

ಏಪ್ರಿಲ್ 16, ಬುಧವಾರ

ತಪಾಸಣೆಗೆ ಬಂದಿದ್ದರು. ಕೊಕ್ಕೆ ತೂಕ ಏರಿದೆ. ನಿದ್ದೆಯಲ್ಲಿ ಬೆಚ್ಚುತ್ತದಂತೆ. ಕೆಲವು ತಿಂಗಳು ಹಾಗೇ, ಎಂದರು ಮೇಡಂ. ನಾಯಿ ಸರಿ. ಸರಿಯಿಲ್ಲದವರು ಯಜಮಾನರು. ಇನ್ನೂ ಹರಾಜಿಗೆ ನಿಂತಿಲ್ಲ.

“ಇವನನ್ನ ಬಿಟ್ಟು ಹೋದ್ರೆ ಊಟ ಬಿಡ್ತಾನೆ. ಕರ್ಕೊಂಡು ಹೋದ್ರೆ ನನ್ನ ದನಿ... ಬೇಡಪ್ಪ.”

“ಕಾಯಿಲೆ ಮುಗಿದಿದೆ,” ಎಂದರು ಮೇಡಂ. “ಇನ್ಮೇಲೆ ಸದ್ದಿಂದ ಏನೂ ಆಗಲ್ಲ. ಬೇಕಾದ್ರೆ ಬರೆದು ಕೊಡ್ಲಾ?”

ಯಜಮಾನರು ತಲೆ ಅಲ್ಲಾಡಿಸಿದರು. ನಂಬಿಕೆ ಇಲ್ಲ. ಕಾಗದದಿಂದ ಬರುವ ನಂಬಿಕೆಯೂ ಅಲ್ಲ ಅದು. ನನಗೆ ಗೊತ್ತು.

“ಯಾವತ್ತು ನಿಲ್ತೀರೋ ಹೇಳಿ, ನಾನೂ ಬರ್ತೀನಿ,” ಎಂದೆ. “ಇಂಜೆಕ್ಷನ್ ಬ್ಯಾಗ್ ಸಮೇತ.”

ಏಪ್ರಿಲ್ 27, ಭಾನುವಾರ. ಬೆಳಗ್ಗೆ 6.45, ಬಂದರು

ರಜೆ. ಮಗುಚಿ ಹಾಕಿದ ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನೆಲವೆಲ್ಲ ನೀರು, ಮೀನಿನ ಪೊರೆ, ಐಸು. ಬ್ಯಾಗು ಮಡಿಲಲ್ಲಿದೆ. ಬೇಕಾಗದು. ಆದರೂ ಇರಲಿ.

ಯಜಮಾನರು ಮೆಟ್ಟಿಲ ಕಲ್ಲಿನ ಮೇಲೆ ಹತ್ತಿ ನಿಂತರು. ಮುಂದೆ ಮೊದಲ ಬುಟ್ಟಿ. ಸುತ್ತ ಐವತ್ತು ಅರವತ್ತು ಜನ. ಕೊಕ್ಕೆ ಅವರ ಕಾಲ ಬಳಿ. ನನ್ನನ್ನು ನೋಡಿದರು. ಬಾಯಿ ತೆರೆದರು. ಬಂದದ್ದು ಪಿಸುಮಾತು.

“ಏನ್ರೀ? ಕೇಳಿಸ್ತಿಲ್ಲ!” ಹಿಂದಿನಿಂದ ಯಾರೋ ನಕ್ಕರು. ಮತ್ತೆ ಬಾಯಿ ತೆರೆದರು. ಮತ್ತೆ ಅದೇ. ಹಣೆಯಲ್ಲಿ ಬೆವರು. ಕಲ್ಲಿನಿಂದ ಒಂದು ಕಾಲು ಕೆಳಗಿಳಿಸಿದರು.

ನನಗೇನಾಯಿತೋ. ಎದ್ದು ನಿಂತು, ಅತ್ತೆಯ ಜೊತೆ ಮಾತಾಡಿ ಮಾತಾಡಿ ಪಳಗಿದ ಗಂಟಲನ್ನೆಲ್ಲ ಸೇರಿಸಿ ಕೂಗಿದೆ —

“ಜೋರಾಗಿ ಯಜಮಾನ್ರೇ! ಜೋರಾಗಿ!”

ಇಡೀ ಬಂದರು ನನ್ನ ಕಡೆ ತಿರುಗಿತು. ಕೊಕ್ಕೆಯೂ ತಿರುಗಿತು. ಬೆಚ್ಚಲಿಲ್ಲ. ಯಾರಪ್ಪಾ ಇವಳು ಎಂಬಂತೆ ನೋಡಿತು, ಅಷ್ಟೇ. ಯಜಮಾನರು ಅದನ್ನೇ ನೋಡುತ್ತಿದ್ದರು. ಇಳಿಸಿದ ಕಾಲು ಮತ್ತೆ ಕಲ್ಲಿನ ಮೇಲಿಟ್ಟರು. ಎದೆ ತುಂಬ ಗಾಳಿ ಎಳೆದುಕೊಂಡರು.

ಅಬ್ಬಾ, ಆ ದನಿ! ಛಾವಣಿಯ ಮೇಲೆ ಕೂತಿದ್ದ ಹಕ್ಕಿಗಳೆಲ್ಲ ಎದ್ದವು. ನನ್ನ ಪೆಟ್ಟಿಗೆ ನಡುಗಿತು, ಆಣೆಗೂ.

7.20

ಆರನೇ ಬುಟ್ಟಿ. ನಿಲ್ಲಿಸುವ ಲಕ್ಷಣವೇ ಇಲ್ಲ. ಅವರ ಹೆಂಡತಿ ಗುಂಪಿನ ಆಚೆಯಿಂದಲೇ ಎರಡು ಕಿವಿಯನ್ನೂ ಮುಚ್ಚಿಕೊಂಡು ನನ್ನತ್ತ ನಗುತ್ತಿದ್ದಾರೆ. ಕೊಕ್ಕೆ ಒಂದು ಸುತ್ತು ಹಾಕಿ ಬಂದು, ನನ್ನ ಕೈ ಮೂಸಿ, ಎರಡೂ ಪಾದದ ಮೇಲೆ ಅಡ್ಡಡ್ಡ ಬಿದ್ದುಕೊಂಡಿದೆ. ಗೊರಕೆ. ನಿಜವಾದ ಗೊರಕೆ. ಏಳೂವರೆಗೆ ನನ್ನ ಬಸ್ಸು. ಕಾಲು ಜೋಮು ಹಿಡಿದಿದೆ. ಎಬ್ಬಿಸೋಣವೆಂದರೆ ಮನಸ್ಸೇ ಬರುತ್ತಿಲ್ಲ.